ಉಗುಳುಗಲ್ಲಿನ ಮಾಗಳಿ ಬಳ್ಳಿ

ಕಡವಿಗೆರೆಯಿಂದ ಮೂಡಣಕ್ಕೆ ಹೋಗುವ ರಸ್ತೆಯಲ್ಲಿ ಹೊಂಗೆ ಸಾಲು ಮುಗಿದ ಕೂಡಲೇ ಎಡಗಡೆ ಒಂದು ಗುಡ್ಡ ಕಾಣುತ್ತದೆ. ನೋಡಿದರೆ ಕಣ್ಣು ತಂಪಾಗುವಂಥ ಗುಡ್ಡವೇನಲ್ಲ. ಯಾರೋ ಗಾಡಿಗಟ್ಟಲೆ ಬಂಡೆ ತಂದು ಸುರಿದು ಹೋದಂತೆ ಒಂದರ ಮೇಲೊಂದು ಕಲ್ಲು, ಕಲ್ಲಿನ ಸಂದಿಯಲ್ಲಿ ಕಾರೆ ಮುಳ್ಳು, ಅಲ್ಲೊಂದು ಇಲ್ಲೊಂದು ತುಗ್ಗಲಿ ಮರ, ಅಷ್ಟೇ. ಬುಡದಲ್ಲಿ ಹಳದಿ ಬಣ್ಣದ ದೊಡ್ಡ ಹಲಗೆಯೊಂದಿದ್ದು ಅದರಲ್ಲಿ ‘ಐತಿಹಾಸಿಕ ವೀರಗಲ್ಲು ಗುಡ್ಡಕ್ಕೆ ಸ್ವಾಗತ’ ಎಂದು ಬರೆದಿದೆ. ಈ ಹೆಸರು ಇಟ್ಟವರು ನಮ್ಮೂರಿನ ಅಭಿವೃದ್ಧಿ ಸಮಿತಿಯ ಮಹನೀಯರು. ಅವರ ಅಜ್ಜ, ಮುತ್ತಜ್ಜ ಎಲ್ಲರೂ ಈ ಗುಡ್ಡವನ್ನು ಉಗುಳುಗಲ್ಲು ಎಂದೇ ಕರೆದು ಸತ್ತರು. ಮೊಮ್ಮಕ್ಕಳಿಗೆ ಮಾತ್ರ ಆ ಹೆಸರು ಹೇಳಲು ಮರ್ಯಾದೆ ಅಡ್ಡ ಬಂದಿದೆ. ಬಸ್ಸಿನ ಕಂಡಕ್ಟರು ಇವತ್ತಿಗೂ “ಉಗುಳುಗಲ್ಲು ಇಳ್ಯೋರು ಯಾರಪ್ಪಾ” ಎಂದು ಕೂಗುತ್ತಾನೆ. ಹೆಸರಿನ ಮಟ್ಟಿಗೆ ಈ ಸೀಮೆಯಲ್ಲಿ ಉಳಿದಿರುವ ಸತ್ಯವಂತ ಅವನೊಬ್ಬನೇ.

ಗುಡ್ಡದ ಅರ್ಧಕ್ಕೆ ಹತ್ತಿದರೆ ಎರಡು ಬಂಡೆಗಳ ನಡುವಿನ ಬಯಲಿನಲ್ಲಿ ಎದೆಯೆತ್ತರದ ಒಂದು ಕಲ್ಲು ನಿಂತಿದೆ. ಅದರ ಮೇಲೆ ರುಮಾಲು ಸುತ್ತಿದ, ಮೀಸೆ ತಿರುವಿದ, ಎದೆ ಸೆಟೆಸಿದ ಒಬ್ಬ ಗಂಡಸಿನ ಚಿತ್ರವನ್ನು ಕೆತ್ತಲಾಗಿದೆ. ಅವನ ಬಲಗೈಯಲ್ಲಿ ಉದ್ದನೆಯ ಒಂದು ಆಯುಧವಿದೆ. ಅದು ಈಟಿ, ಈತ ದುರ್ಗದ ಕಾಳಗದಲ್ಲಿ ಮಡಿದ ಮಹಾವೀರ ಎಂದು ಸಮಿತಿಯ ಅಧ್ಯಕ್ಷರು ರಾಜ್ಯೋತ್ಸವದ ದಿನ ಭಾಷಣ ಬಿಗಿದು ಚಪ್ಪಾಳೆ ಗಿಟ್ಟಿಸುತ್ತಾರೆ. ಕಾಳಗ ಯಾವುದು, ಯಾರ ಮೇಲೆ ಯಾರು ಏರಿ ಬಂದರು ಎಂದು ಕೇಳಿದರೆ ಕೆಮ್ಮುತ್ತಾರೆ. ಕಣ್ಣಿದ್ದವರು ಒಮ್ಮೆ ಬಗ್ಗಿ ನೋಡಿದರೆ ಸಾಕು. ಈಟಿಗೆ ಎಲೆಯಾಕಾರದ ಮೊನೆ ಇರುತ್ತದೆ. ಇದರ ತುದಿ ಚಪ್ಪಟೆ. ಅದು ನೆಲ ಅಗೆಯುವ ಹಾರೆ. ಹಾರೆ ಹಿಡಿದು ನಿಂತ ಈ ಮಹಾವೀರ ಕೊಂದವನೂ ಅಲ್ಲ, ಕಾದವನೂ ಅಲ್ಲ. ಅವನು ಮಾಡಿದ ಘನಕಾರ್ಯ ಒಂದೇ, ಮತ್ತು ಅದನ್ನು ತಿಳಿಯಬೇಕಾದರೆ ಮೊದಲು ಮಾಗಳಿ ಬೇರಿನ ವಿಚಾರ ತಿಳಿದಿರಬೇಕು.

ಮಾಗಳಿ ಎಂಬುದು ಈ ಬಂಡೆಗಳ ಸಂದಿಯಲ್ಲಿ ತಾನಾಗಿ ಹುಟ್ಟುವ ಬಳ್ಳಿ. ಅದರ ಬೇರನ್ನು ಅಗೆದು ತಂದು, ನಡುವಿನ ನಾರು ತೆಗೆದು, ಹೆಚ್ಚಿ, ಉಪ್ಪು, ಸಾಸಿವೆ, ಮಜ್ಜಿಗೆ ಹಾಕಿ ಭರಣಿಯಲ್ಲಿಟ್ಟರೆ ವರ್ಷಗಟ್ಟಲೆ ಕೆಡದ ಉಪ್ಪಿನಕಾಯಿಯಾಗುತ್ತದೆ. ಅದರಲ್ಲಿ ತಿಗಣೆ ವಾಸನೆ ಬರುತ್ತದೆ ಎಂದು ಮೂಗು ಮುಚ್ಚುವವರಿದ್ದಾರೆ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ. ಅವರ ಮಾತು ಇಲ್ಲಿ ಬೇಡ. ಬಳ್ಳಿ ಬೇಸಿಗೆಯಲ್ಲಿ ಎಲೆ ಉದುರಿಸಿ ಸತ್ತಂತೆ ಬಿದ್ದಿರುತ್ತದೆ, ಮುಂಗಾರಿನ ಮೊದಲ ಹನಿಗೆ ಮತ್ತೆ ಚಿಗುರುತ್ತದೆ. ಇದನ್ನು ಸಾಕುವುದೆಂದರೆ ನೀರೆರೆಯುವುದೂ ಅಲ್ಲ, ಗೊಬ್ಬರ ಸುರಿಯುವುದೂ ಅಲ್ಲ. ಮೇಕೆಗಳು ಬಾಯಿ ಹಾಕದಂತೆ ಮುಳ್ಳು ಮುಚ್ಚಬೇಕು. ಚಿಗುರು ಹಬ್ಬಲು ಒಂದು ಕೋಲು ಊರಬೇಕು. ಅಗೆಯುವಾಗ ಅಕ್ಕಪಕ್ಕದ ಬೇರುಗಳನ್ನಷ್ಟೇ ಕತ್ತರಿಸಿಕೊಂಡು, ನಡುವಿನ ತಾಯಿಬೇರಿಗೆ ಕೈ ಹಚ್ಚದೆ, ತೆಗೆದ ಮಣ್ಣನ್ನೇ ಮತ್ತೆ ತುಂಬಿ, ಮುಳ್ಳುಹಂದಿ ಕೆದಕದಂತೆ ಮೇಲೊಂದು ಚಪ್ಪಡಿ ಎಳೆಯಬೇಕು. ಇಷ್ಟು ಮಾಡಿ ಉಳಿದ ಕಾಲ ಸುಮ್ಮನಿದ್ದರೆ ಬಳ್ಳಿ ಒಂದು ತಲೆಮಾರನ್ನು ದಾಟಿ ಬದುಕುತ್ತದೆ. ಸುಮ್ಮನಿರುವುದು ಎಲ್ಲರ ಕೈಲಾಗುವ ಕೆಲಸವಲ್ಲ, ಆ ಮಾತು ಬೇರೆ.

ಕಡವಿಗೆರೆಯವರು ಈ ಬಳ್ಳಿಗೆ ಒಂದು ಕಟ್ಟಳೆ ಸೇರಿಸಿದ್ದರು. ಮನೆಯಲ್ಲಿ ಹೆಣ್ಣು ಮಗು ಹುಟ್ಟಿದರೆ, ಹೆಸರಿಟ್ಟ ದಿನ ಅಪ್ಪನಾದವನು ಗುಡ್ಡ ಹತ್ತಿ ಒಂದು ಮಾಗಳಿ ಬಳ್ಳಿಗೆ ತೊಟ್ಟಿಲ ಬಟ್ಟೆಯ ಚೂರು ಕಟ್ಟಿ ಬರುತ್ತಿದ್ದ. ಅಂದಿನಿಂದ ಅದು ಆ ಮಗುವಿನ ಹೆಣ್ಣುಬಳ್ಳಿ. ಅವಳು ಮದುವೆಯಾಗಿ ಹೋದ ಮೇಲೆ ಅದನ್ನು ಕಾಯುವ ಭಾರ ಅಣ್ಣತಮ್ಮಂದಿರದು; ಅಗೆಯುವ ಹಕ್ಕು ಅವಳೊಬ್ಬಳದು. ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ಅವಳು ಬಂದು, ಬೇರು ಅಗೆದು, ತವರಿನ ಒಲೆಯ ಮುಂದೆಯೇ ಹೆಚ್ಚಿ ಭರಣಿ ತುಂಬಿಕೊಂಡು ಹೋಗಬೇಕು. ಗಂಡನ ಮನೆಯ ಅಟ್ಟದ ಮೇಲೆ ಆ ಭರಣಿ ಇರುವ ತನಕ ಅತ್ತೆ ನಾದಿನಿಯರ ಬಾಯಿಗೆ ಬೀಗ. ಬಳ್ಳಿ ಸತ್ತರೆ ಆ ಹಕ್ಕೂ ಸತ್ತಂತೆ. ಆಮೇಲೆ ಅವಳು ಅಣ್ಣ ಕರೆದರೆ ಬಂದು ಉಂಡು ಹೋಗುವ ನೆಂಟಳೇ ಹೊರತು ಮನೆಮಗಳಲ್ಲ. ಆಸ್ತಿಯಲ್ಲಿ ಹೆಣ್ಣಿಗೆ ಕವಡೆಯನ್ನೂ ಕೊಡದ ಜನ ಬಂಡೆಯ ಸಂದಿಯ ಬಳ್ಳಿಯೊಂದನ್ನು ಕೊಟ್ಟು ದೊಡ್ಡವರಾಗಿದ್ದರು. ಅದನ್ನಾದರೂ ನೆಟ್ಟಗೆ ಉಳಿಸಿಕೊಂಡರೇ ಎಂದರೆ, ಅದೂ ಇಲ್ಲ.

ಹಿಂದೆ ಒಮ್ಮೆ, ಕೆಂಚನದುರ್ಗದ ಕೋಟೆಯಲ್ಲಿ ಪಾಳೆಗಾರರು ಇನ್ನೂ ದರ್ಬಾರು ನಡೆಸುತ್ತಿದ್ದ ಕಾಲದಲ್ಲಿ, ಕಡವಿಗೆರೆಯಲ್ಲಿ ಮೂಡ್ಲಪ್ಪ ಎಂಬವನಿದ್ದನಂತೆ. ತಂದೆತಾಯಿ ಇರಲಿಲ್ಲ. ಹೊಲವಿತ್ತು, ಕುರಿಯಿತ್ತು, ಸಿರಿಯಮ್ಮ ಎಂಬ ಒಳ್ಳೆಯ ಹೆಂಡತಿಯೂ ಇದ್ದಳು. ಇಲ್ಲದ್ದೊಂದೇ, ನಾಲ್ಕು ಜನ ಎದ್ದು ನಿಂತು ಕೈಮುಗಿಯುವಂಥ ಹೆಸರು. ಅದಕ್ಕಾಗಿ ಅವನು ಒಳಗೊಳಗೇ ಬೇಯುತ್ತಿದ್ದ. ಅವನಿಗೆ ದ್ಯಾವಕ್ಕ ಎಂಬ ತಂಗಿಯಿದ್ದಳು. ಅವಳನ್ನು ಗುಡ್ಡದಾಚೆಯ ತೊಂಡೇಹಾಳಿಗೆ ಕೊಟ್ಟಿತ್ತು. ಗಟ್ಟಿಗಿತ್ತಿ, ಬಾಯಿ ಸ್ವಲ್ಪ ಜೋರು. ಮದುವೆಗೆ ಮೊದಲು ತನ್ನ ಬಳ್ಳಿಯನ್ನು ತಾನೇ ನೋಡಿಕೊಂಡವಳು; ಹಾಗಾಗಿ ಇಡೀ ಗುಡ್ಡದಲ್ಲಿ ಅದರಷ್ಟು ಹಬ್ಬಿದ ಮಾಗಳಿ ಇನ್ನೊಂದಿರಲಿಲ್ಲ ಎನ್ನುತ್ತಾರೆ. ಅಪ್ಪ ಅವ್ವ ಕಣ್ಣು ಮುಚ್ಚಿದ ಮೇಲೆ ಅವಳಿಗೆ ತವರು ಅಂತ ಉಳಿದಿದ್ದು ಆ ಬಳ್ಳಿ ಮಾತ್ರ. ತೊಂಡೇಹಾಳಿನ ಅತ್ತೆ ಹಬ್ಬ ಹುಣ್ಣಿಮೆಗೆಲ್ಲ “ಹಿಂದಿಲ್ಲ ಮುಂದಿಲ್ಲದೋಳು” ಎಂದು ಚುಚ್ಚುತ್ತಿದ್ದಳಂತೆ. ದ್ಯಾವಕ್ಕ ಎದುರು ಮಾತಾಡದೆ ಭರಣಿ ಇಳಿಸಿ ಅತ್ತೆಯ ತಟ್ಟೆಗೆ ಎರಡು ಹೋಳು ಬಡಿಸುತ್ತಿದ್ದಳು.

ಆಗ ದುರ್ಗದಲ್ಲಿದ್ದ ಪಾಳೆಗಾರನ ಹೆಸರು ಲಕ್ಕಪ್ಪನಾಯಕ. ಒಂದು ದಿನ ಊಟದಲ್ಲಿ ಯಾರೋ ಮೊಸರನ್ನಕ್ಕೆ ಮಾಗಳಿ ಉಪ್ಪಿನಕಾಯಿ ಬಡಿಸಿದರು. ನಾಯಕ ನೆಂಚಿಕೊಂಡ, ತಲೆದೂಗಿದ. ತಿಂದು ಕೈತೊಳೆದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ದೊರೆಗಳಿಗೆ ರುಚಿಯಾದದ್ದೆಲ್ಲ ತಮ್ಮ ಕಿಟಕಿಯ ಕೆಳಗೇ ಬೆಳೆಯಬೇಕು. ಈ ಬಳ್ಳಿ ನನ್ನ ತೋಟದಲ್ಲಿ ಇರತಕ್ಕದ್ದು, ತಂದವನಿಗೆ ರುಮಾಲು ಮತ್ತು ಬಿರುದಿನ ಕಲ್ಲು ಕೊಡಿಸುತ್ತೇನೆ ಎಂದು ಡಂಗುರ ಸಾರಿಸಿದ. ಸುದ್ದಿ ಕೇಳಿದ ಮೂಡ್ಲಪ್ಪನಿಗೆ ನಿದ್ದೆ ಹತ್ತಲಿಲ್ಲ. ಗುಡ್ಡದಲ್ಲಿ ಯಾರ ಹೆಸರಿಗೂ ಸೇರದ ಬಳ್ಳಿಗಳು ಬೇಕಾದಷ್ಟಿದ್ದವು. ಒಂದನ್ನು ಕಿತ್ತು ಕೊಟ್ಟಿದ್ದರೆ ನಾಯಕನಿಗೆ ವ್ಯತ್ಯಾಸ ತಿಳಿಯುತ್ತಲೂ ಇರಲಿಲ್ಲ. ಆದರೆ ಬೇರೆಯವರು ಅದಕ್ಕಿಂತ ದೊಡ್ಡದನ್ನು ಹೊತ್ತು ತಂದರೆ? ಆ ಒಂದು ಭಯಕ್ಕೆ ಅವನು ಹಾರೆ ಹೆಗಲಿಗೇರಿಸಿ ತಂಗಿಯ ಬಳ್ಳಿಯ ಕಡೆಗೇ ಹೊರಟ. ಸಿರಿಯಮ್ಮ ಬಾಗಿಲಿಗೆ ಅಡ್ಡ ನಿಂತಳು.

“ಅದು ದ್ಯಾವಕ್ಕಂದು ಕಣಯ್ಯಾ, ಮುಟ್ಟಬ್ಯಾಡ. ದೀಪಾವಳಿಗೆ ಬತ್ತಾಳೆ, ಏನಂತ ಮಕ ತೋರಿಸ್ತೀಯ?”

“ಕೊಟ್ಟ ಹೆಣ್ಣಿಗೆ ಬೆಟ್ಟದಾಗೆ ಏನೈತೆ?” ಎಂದ ಮೂಡ್ಲಪ್ಪ. “ನಾಳೆ ನಾನು ರುಮಾಲು ಸುತ್ಕಂಡು ಬಂದ್ರೆ ಅವಳಿಗೂ ಮರ್ಯಾದೆ ತಾನೇ? ಬಿಡು ದಾರಿ.”

ತಂಗಿಯ ಮರ್ಯಾದೆಗಾಗಿ ತಂಗಿಯ ಬಳ್ಳಿಯನ್ನೇ ಕೀಳುವ ಈ ನ್ಯಾಯ ನಮ್ಮ ಕಡೆಯ ಗಂಡಸರಿಗೆ ಅಂದೂ ಸುಲಭವಾಗಿ ಹೊಳೆಯುತ್ತಿತ್ತು, ಇಂದೂ ಹೊಳೆಯುತ್ತದೆ. ಅವನು ತಾಯಿಬೇರು ಸಮೇತ ಬಳ್ಳಿಯನ್ನು ಎತ್ತಿದ. ಎತ್ತುವಾಗ ಬಂಡೆಯ ಸಂದಿಗೆ ಸಿಕ್ಕಿಕೊಂಡ ಒಂದು ತುಂಡು ಒಳಗೇ ಮುರಿದು ಉಳಿಯಿತು. ಅದನ್ನು ಅವನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಒದ್ದೆ ಗೋಣಿಯಲ್ಲಿ ಸುತ್ತಿ, ಗಾಡಿಗೆ ಹೂವಿನ ಹಾರ ಕಟ್ಟಿ, ಮುಂದೆ ತಮಟೆ ಬಾರಿಸಿಕೊಂಡು ದುರ್ಗಕ್ಕೆ ಸಾಗಿಸಿದ. ನಾಯಕ ಆ ದಿನವೇ ಅವನ ತಲೆಗೆ ರುಮಾಲು ಸುತ್ತಿಸಿದ, ಕಲ್ಲು ಕಡೆಯಲು ಶಿಲ್ಪಿಗೆ ಅಪ್ಪಣೆ ಮಾಡಿದ. ಕೈಯಲ್ಲಿ ಯಾವ ಆಯುಧ ಕೆತ್ತಲಿ ಎಂದು ಶಿಲ್ಪಿ ಕೇಳಿದಾಗ ಮೂಡ್ಲಪ್ಪ ತಡವರಿಸಿದನಂತೆ. ಜನ್ಮದಲ್ಲಿ ಅವನು ಹಿಡಿದದ್ದು ಹಾರೆ ಒಂದೇ. ಶಿಲ್ಪಿ ಕಂಡದ್ದನ್ನು ಕೆತ್ತಿದ.

ಇತ್ತ ಕೋಟೆಯ ತೋಟದಲ್ಲಿ ಬಳ್ಳಿಗೆ ನಡೆದ ಉಪಚಾರ ಕೇಳಿದರೆ ಅಳಬೇಕೋ ನಗಬೇಕೋ ತಿಳಿಯುವುದಿಲ್ಲ. ಕೆರೆಯ ಕರಿಮಣ್ಣು ಹೇರಿಸಿದರು, ಕುರಿಗೊಬ್ಬರ ತುಂಬಿದರು, ಬಿಸಿಲು ತಾಗದಂತೆ ಮೇಲೆ ಚಪ್ಪರ ಹಾಕಿದರು. ಬೆಳಗಾದರೆ ಕೊಡ ಕೊಡ ನೀರು, ಶುಕ್ರವಾರ ಹಾಲು. ಪರಿಮಳದ ಬಳ್ಳಿಗೆ ನಾದ ಪ್ರಿಯ ಎಂದು ಆಸ್ಥಾನದ ಪಂಡಿತನೊಬ್ಬ ಹೇಳಿದ ಮೇಲೆ ಓಲಗದವರನ್ನು ಕೂರಿಸಿ ಸಂಜೆ ಸಂಜೆ ಊದಿಸಿದರಂತೆ. ಬಂಡೆಯ ಬಿಸಿಯಲ್ಲಿ ಒಣಗಿ ಗಟ್ಟಿಯಾದ ಬೇರಿಗೆ ಇಷ್ಟು ಪ್ರೀತಿ ತಡೆದುಕೊಳ್ಳಲು ಆಗಲಿಲ್ಲ. ಎಲೆ ಹಳದಿಯಾಯಿತು. ಹಳದಿಯಾಯಿತೆಂದು ಇನ್ನಷ್ಟು ಹಾಲು ಹೊಯ್ದರು. ಕೊನೆಗೆ ಬೇರು ಕೊಳೆತು, ಅದರ ನಾತ ರಾಣೀವಾಸದ ತನಕ ಹರಡಿ, ಆಳುಗಳು ಸಲಿಕೆಯಿಂದ ಬಾಚಿ ಕಂದಕಕ್ಕೆ ಎಸೆದರು. ನಾಯಕನಿಗೆ ಇದರ ಪರಿವೆಯೇ ಇರಲಿಲ್ಲ. ಅಷ್ಟರಲ್ಲಿ ಅವನಿಗೆ ಗೌಜಲಹಕ್ಕಿ ಕಾದಿಸುವ ಹುಚ್ಚು ಹತ್ತಿತ್ತು.

ಬಿರುದಿನ ಕಲ್ಲು ಮಾತ್ರ ಸಿದ್ಧವಾಗಿ ಕಡವಿಗೆರೆಗೆ ಬಂತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಮೂಡ್ಲಪ್ಪನಿಗೆ ಅದನ್ನು ಊರಲ್ಲಿ ನಿಲ್ಲಿಸಿದರೆ ಸಾಲದು, ಗುಡ್ಡದ ಮೇಲೆ ಸೀಮೆಗೆಲ್ಲ ಕಾಣುವಂತೆ ನಿಲ್ಲಿಸಬೇಕೆನಿಸಿತು. ಕಲ್ಲು ನಿಲ್ಲಿಸಲು ಆಳವಾದ ಗುಂಡಿ ಬೇಕು, ಗುಡ್ಡದ ನೆಲವೋ ಬರೀ ಬಂಡೆ. ಆದರೆ ಒಂದು ಗುಂಡಿ ಆಗಲೇ ತೋಡಿ ಸಿದ್ಧವಾಗಿತ್ತಲ್ಲ. ತಂಗಿಯ ಬಳ್ಳಿ ಕಿತ್ತ ಆ ಗುಂಡಿಯಲ್ಲೇ ಅವನು ತನ್ನ ಕಲ್ಲನ್ನು ಇಳಿಸಿ, ಸುತ್ತ ಮಣ್ಣು ತುಂಬಿ ತುಳಿದ. ಗುಂಡಿ ಮುಚ್ಚಿದಂತೆಯೂ ಆಯಿತು, ಕಲ್ಲು ನಿಂತಂತೆಯೂ ಆಯಿತು ಎಂದು ಬೆನ್ನು ತಟ್ಟಿಕೊಂಡ. ಕಳ್ಳರು ಕದ್ದ ಜಾಗದಲ್ಲಿ ಹೆಜ್ಜೆ ಗುರುತು ಬಿಡುವುದನ್ನು ಕೇಳಿದ್ದೇನೆ. ಪೂರಾ ಮುಖವನ್ನೇ ಕೆತ್ತಿಸಿ ಬಿಟ್ಟುಹೋದವನು ಇವನೊಬ್ಬನೇ.

ದೀಪಾವಳಿ ಕಳೆದ ಮೇಲೆ ದ್ಯಾವಕ್ಕ ಖಾಲಿ ಭರಣಿ ಕಂಕುಳಲ್ಲಿಟ್ಟುಕೊಂಡು ಬಂದಳು. ಸಿರಿಯಮ್ಮ ಕಾಲಿಗೆ ನೀರು ಕೊಟ್ಟು, ಎಲೆಅಡಿಕೆ ಕೊಟ್ಟು, ಕಣ್ಣು ತಪ್ಪಿಸಿ ಒಳಗೆ ಹೋದಳು. ಮೂಡ್ಲಪ್ಪ ಕಾಲುನೋವೆಂದು ಜಗುಲಿಯಲ್ಲೇ ಕೂತಿದ್ದ. ಗುಡ್ಡಕ್ಕೆ ಹೋಗಾನ ಬಾ ಅಣ್ಣಯ್ಯಾ ಎಂದಾಗ ಅವನು ಮುಖ ಸಣ್ಣಗೆ ಮಾಡಿ, “ನಿನ್ನ ಬಳ್ಳಿ ಇಲ್ಲ ಕಣವ್ವಾ. ಮುಳ್ಳಂದಿ ಬುಡ ಸಮೇತ ತಿಂದು ಹೋಯ್ತು. ಕಾದೆ, ಆಗಲಿಲ್ಲ” ಎಂದ. ಅವಳು ಅಳಲಿಲ್ಲ. ಗುಂಡೀನಾದ್ರೂ ನೋಡ್ಕಂಡು ಬತ್ತೀನಿ ಎಂದು ಎದ್ದು ಹೊರಟೇಬಿಟ್ಟಳು. ಅಷ್ಟು ಹೊತ್ತು ಊರಲಾಗದಿದ್ದ ಕಾಲಿನಲ್ಲಿ ಅಣ್ಣ ಅವಳ ಹಿಂದೆ ಓಡಿದ.

ಅಂದು ಗುಡ್ಡದಲ್ಲಿ ಊರಿನ ಇತರ ಹೆಣ್ಣುಮಕ್ಕಳೂ ತಮ್ಮ ತಮ್ಮ ಬಳ್ಳಿ ಅಗೆಯುತ್ತಿದ್ದರು. ದ್ಯಾವಕ್ಕ ಬಂದದ್ದು ಕಂಡು ಅವರೆಲ್ಲ ಹಾರೆ ನಿಲ್ಲಿಸಿದರು. ಅವಳು ತನ್ನ ಬಳ್ಳಿ ಇದ್ದ ಜಾಗದಲ್ಲಿ ಮೀಸೆ ತಿರುವಿ ನಿಂತ ಕಲ್ಲಿನ ಅಣ್ಣನನ್ನು ಮೇಲಿಂದ ಕೆಳಗೆ ನೋಡಿದಳು. ಏದುಸಿರು ಬಿಡುತ್ತ ಬಂದು ನಿಂತ ಮಾಂಸದ ಅಣ್ಣನನ್ನೂ ನೋಡಿದಳು.

“ಮುಳ್ಳಂದಿ ಬೇರು ತಿಂದು, ನಿನ್ನ ಗೊಂಬೆ ನಿಲ್ಲಿಸಿ ಹೋಯ್ತಾ ಅಣ್ಣಯ್ಯಾ?”

ಅವಳು ಬಾಯಲ್ಲಿದ್ದ ಎಲೆಅಡಿಕೆಯನ್ನು ಕಲ್ಲಿನ ಮುಖಕ್ಕೆ ಗುರಿಯಿಟ್ಟು ಉಗಿದಳು.

“ದೊರೆ ಕೊಟ್ಟ ಕಲ್ಲು ಕಣೇ ಅದು!” ಎಂದು ಅವನು ಕಿರುಚಿದ. ಬಳ್ಳಿ ಹೋದಾಗ ಹೊರಡದ ಧ್ವನಿ ಕಲ್ಲಿಗೆ ಉಗುಳು ಬಿದ್ದಾಗ ಹೊರಟಿತು.

“ಒಡಹುಟ್ಟಿದೋನ ಮಕಕ್ಕೆ ಉಗಿಯಾಕೆ ಮನಸು ಬರಾಕಿಲ್ಲ, ಅದ್ಕೇ ಕಲ್ಲಿಗೆ ಉಗಿದೆ” ಎಂದಳು ದ್ಯಾವಕ್ಕ. “ನಿನಗಿಂತ ಇದೇ ವಾಸಿ. ಸುಳ್ಳು ಹೇಳಾಕಿಲ್ಲ.”

ಅವಳು ಮತ್ತೆ ಊರಿಗೆ ಇಳಿಯಲಿಲ್ಲ. ಖಾಲಿ ಭರಣಿ ಎತ್ತಿಕೊಂಡು ಗುಡ್ಡದ ಆಚೆ ಮಗ್ಗುಲಿನಿಂದ ನೇರ ತೊಂಡೇಹಾಳಿಗೆ ನಡೆದಳು. ಆಕೆ ಅಲ್ಲೇ ಬೆಂಕಿಗೆ ಹಾರಿದಳು, ಶಾಪ ಕೊಟ್ಟಳು, ದುರ್ಗ ಆ ಶಾಪದಿಂದಲೇ ಹಾಳಾಯಿತು, ಆಕೆ ದೇವತೆಯಾದಳು ಎಂದು ಈಗ ಕೆಲವರು ಹೇಳುವುದುಂಟು. ಹೆಣ್ಣೊಬ್ಬಳು ಅವಮಾನ ನುಂಗಿ ಬದುಕಿ ಬಾಳಿದಳೆಂದರೆ ಇವರಿಗೆ ಕಥೆ ಸಪ್ಪೆಯಾಗುತ್ತದೆ, ಸುಟ್ಟರೇ ರುಚಿ. ದ್ಯಾವಕ್ಕ ಸುಟ್ಟುಕೊಳ್ಳಲಿಲ್ಲ. ತೊಂಡೇಹಾಳಿನಲ್ಲಿ ಖಾಲಿ ಭರಣಿಯನ್ನು ತೊಳೆದು ಅದೇ ಅಟ್ಟದ ಮೇಲಿಟ್ಟಳು. ಅತ್ತೆ ಬಾಯಿ ತೆರೆದಾಗಲೆಲ್ಲ ಕೇಳಿಸಿಕೊಂಡಳು. ಬಡಿಸಲು ಅವಳಲ್ಲಿ ಏನೂ ಇರಲಿಲ್ಲ.

ಮರುವರ್ಷ ದೀಪಾವಳಿ ಕಳೆದು ಗುಡ್ಡ ಹತ್ತಿದ ಹೆಣ್ಣುಮಕ್ಕಳು, ಯಾರೂ ಹೇಳಿಕೊಡದೆ, ಕಲ್ಲಿನ ಮುಂದೆ ನಿಂತು ಒಬ್ಬೊಬ್ಬರಾಗಿ ಎಲೆಅಡಿಕೆ ಉಗಿದು ಮುಂದೆ ಹೋದರು. ಜೊತೆಗೆ ಹಾರೆ ಹೊತ್ತು ಬಂದ ಅಣ್ಣತಮ್ಮಂದಿರು ತಲೆ ತಗ್ಗಿಸಿ ನೋಡಬೇಕಾಯಿತು. ಗುಡ್ಡಕ್ಕೆ ಉಗುಳುಗಲ್ಲು ಎಂಬ ಹೆಸರು ಬಿದ್ದದ್ದು ಹೀಗೆ. ಮೂಡ್ಲಪ್ಪನಿಗೆ ಕಲ್ಲು ಬಿಸಿ ತುಪ್ಪವಾಯಿತು. ನಿಲ್ಲಲು ಬಿಟ್ಟರೆ ಉಗುಳು, ಕಿತ್ತರೆ ದೊರೆ ಕೊಟ್ಟ ಬಿರುದನ್ನು ಕಿತ್ತ ದ್ರೋಹ. ಕೊನೆಗೆ ರುಮಾಲು ಸುತ್ತಿಕೊಂಡು ದುರ್ಗಕ್ಕೆ ಹೋಗಿ ದೂರು ಹೇಳಿಕೊಂಡ. ಲಕ್ಕಪ್ಪನಾಯಕ ಹಕ್ಕಿಯ ಕಾಲಿಗೆ ದಾರ ಕಟ್ಟುತ್ತ ತಲೆಯೆತ್ತದೆ “ಯಾವ ಬಳ್ಳಿ?” ಎಂದು ಕೇಳಿದನಂತೆ. ಒಡಹುಟ್ಟಿದವಳ ತವರನ್ನು ಅಗೆದು ಕೊಟ್ಟದ್ದಕ್ಕೆ ಅವನಿಗೆ ಸಂದ ಪೂರ್ತಿ ಮನ್ನಣೆ ಆ ಎರಡು ಮಾತು.

ಹಲವು ಮಳೆಗಾಲ ಕಳೆದ ಮೇಲೆ, ಒಂದು ಮುಂಗಾರಿನಲ್ಲಿ, ಕಲ್ಲಿನ ಬುಡದಿಂದ ಮಾಗಳಿಯ ಕುಡಿಯೊಂದು ಹೊರಬಂತು. ಹೆಂಗಸರ ಉಗುಳಿನಿಂದಲೇ ಚಿಗುರಿತು ಎನ್ನುತ್ತಾರೆ. ಉಗುಳಿನಿಂದ ಏನೂ ಚಿಗುರುವುದಿಲ್ಲ. ಅಂದು ಸಂದಿಯಲ್ಲಿ ಮುರಿದು ಉಳಿದಿತ್ತಲ್ಲ, ಆ ತುಂಡು ಯಾರೂ ಉಪಚಾರ ಮಾಡದೆ ಬಿಟ್ಟದ್ದರಿಂದ ಬದುಕಿಕೊಂಡಿತ್ತು. ಮೂಡ್ಲಪ್ಪ ಅದನ್ನು ಕಂಡು ಮಗುವಿನಂತೆ ಅತ್ತನಂತೆ. ಮುಳ್ಳು ಮುಚ್ಚಿದ, ಕೋಲು ಊರಿದ, ಮೇಕೆ ಬಂದರೆ ಕಲ್ಲೆಸೆದು ಓಡಿಸಿದ. ಬಳ್ಳಿ ಬಲಿತ ಮೇಲೆ, ತೊಂಡೇಹಾಳಿನ ಕಡೆ ಹೊರಟಿದ್ದ ಉಪ್ಪು ಮಾರುವ ಹೆಂಗಸಿನ ಬಾಯಲ್ಲಿ ತಂಗಿಗೆ ಹೇಳಿ ಕಳುಹಿಸಿದ: ನಿನ್ನ ಬಳ್ಳಿ ಬಂದೈತೆ, ಬಂದು ಅಗಕಂಡು ಹೋಗು.

ಉಪ್ಪಿನವಳು ಹೇಳಿದ್ದನ್ನೆಲ್ಲ ದ್ಯಾವಕ್ಕ ರಾಗಿ ಬೀಸುತ್ತಲೇ ಕೇಳಿದಳು. ಆಗಲೇ ಅವಳ ತಲೆ ನೆರೆತಿತ್ತು.

“ಯಾರು ಕಾಯ್ತಾವ್ರೆ ಅದನ್ನ?”

“ನಿಮ್ಮಣ್ಣಯ್ಯನೇ ಕಣವ್ವಾ. ಬಿಸಿಲು ಮಳೆ ಅನ್ನದೆ ಅಲ್ಲೇ ಕುಂತಿರ್ತಾನೆ.”

“ಹಂಗಾದ್ರೆ ಕಾಯ್ಲಿ” ಎಂದು ದ್ಯಾವಕ್ಕ ಬೀಸುಕಲ್ಲು ತಿರುಗಿಸಿದಳು.

ಮೂಡ್ಲಪ್ಪ ಕಾದ. ಪ್ರತಿ ದೀಪಾವಳಿಗೂ ಹೆಣ್ಣುಮಕ್ಕಳು ಅವನ ಎದುರೇ ಅವನ ಕಲ್ಲಿಗೆ ಉಗಿದು ಹೋಗುತ್ತಿದ್ದರು, ಅವನು ಆಚೆ ಮಗ್ಗುಲಿನ ದಾರಿಯನ್ನು ನೋಡುತ್ತ ಕೂತಿರುತ್ತಿದ್ದ. ಕಾಯುತ್ತಲೇ ಮುದುಕನಾಗಿ ಸತ್ತ. ಪಾಪ ಪಶ್ಚಾತ್ತಾಪ ಪಟ್ಟ, ದೊಡ್ಡ ಮನುಷ್ಯ ಎಂದು ಅವನ ಪರ ಕಣ್ಣೀರು ಹಾಕುವವರು ಊರಲ್ಲಿದ್ದಾರೆ. ನನಗೆ ಕನಿಕರ ಬರುವುದಿಲ್ಲ. ಮನೆ ಸುಟ್ಟವನು ಬೂದಿ ಕಾದರೆ ಅದಕ್ಕೆ ಪುಣ್ಯವೆಂದು ಹೆಸರಿಡಲು ನಾನು ಸಮಿತಿಯವನಲ್ಲ.

ಈಗ ಹೋದವರಿಗೆ ಕಾಣುವುದಿಷ್ಟು. ಕಲ್ಲು ಒಂದು ಕಡೆಗೆ ವಾಲಿದೆ. ಅದರ ಮುಖದ ಮೇಲೆ ಕೆಂಪು ಗಟ್ಟಿಯಾಗಿ ಮೆತ್ತಿಕೊಂಡಿದೆ. ಹೊರಗಿನಿಂದ ಬಂದ ಭಕ್ತರು ಕುಂಕುಮವೆಂದು ಅದನ್ನು ಬೆರಳಲ್ಲಿ ತಾಗಿಸಿ ಹಣೆಗಿಟ್ಟುಕೊಂಡು, ಕೈಮುಗಿದು, ಫೋಟೋ ತೆಗೆಸಿಕೊಳ್ಳುತ್ತಾರೆ. ಹೇಳಲು ಹೋದರೆ ನನ್ನ ಮೇಲೇ ರೇಗುತ್ತಾರೆ, ಆದ್ದರಿಂದ ನಾನೂ ಬಿಟ್ಟಿದ್ದೇನೆ. ವೀರನ ಸೊಂಟಕ್ಕೆ, ಹಾರೆಗೆ, ಮೀಸೆಗೆ ಸುತ್ತಿಕೊಂಡು ಮಾಗಳಿ ಬಳ್ಳಿಯೊಂದು ಹಬ್ಬಿದೆ. ಬುಡದ ಬೇರು ತೊಡೆಗಾತ್ರ ದಪ್ಪವಾಗಿ ಕಲ್ಲನ್ನು ಎತ್ತಿ ಹೊರಳಿಸುತ್ತಿದೆ. ಗುಡ್ಡದ ಉಳಿದ ಮಾಗಳಿಯನ್ನೆಲ್ಲ ಉಪ್ಪಿನಕಾಯಿ ವ್ಯಾಪಾರದವರು ತಾಯಿಬೇರು ಸಮೇತ ದೋಚಿಕೊಂಡು ಹೋಗಿದ್ದಾರೆ. ಅವರೂ ಈ ಒಂದು ಬಳ್ಳಿಗೆ ಹಾರೆ ಹಾಕಿಲ್ಲ. ಅದು ದ್ಯಾವಕ್ಕನದು, ಅವಳು ಇನ್ನೂ ಬಂದಿಲ್ಲ.